ಗೆರೆ ಡಬ್ಬ, ಬಣ್ಣದ ಡಬ್ಬ

ಸಾಗರದಲ್ಲಿ ನಾವಿದ್ದ ಮನೆಗೆ ಮೂರೇ ಕೋಣೆ. ಒಂದರ ಬೆನ್ನಿಗೆ ಒಂದು, ರೈಲಿನ ಡಬ್ಬಿ ಜೋಡಿಸಿದ ಹಾಗೆ. ಬೀದಿಗೆ ತಗುಲಿದ ಮುಂದಿನ ಕೋಣೆ ರೇಡಿಯೋಗಳದ್ದು, ನಡುವಿನದು ನಮ್ಮದು, ಹಿಂದಿನದು ಒಲೆಯದು. ಮುಂದಿನ ಕೋಣೆಯಲ್ಲಿ ಮನುಷ್ಯರಿಗೆ ಜಾಗ ಇರಲಿಲ್ಲ. ಗೋಡೆಗೆ ಹಲಗೆ ಹೊಡೆದು ಅದರ ಮೇಲೆ ಬಿಚ್ಚಿದ ರೇಡಿಯೋ, ಬಿಚ್ಚದ ರೇಡಿಯೋ, ಯಾರೋ ಕೊಟ್ಟು ಮರೆತೇಬಿಟ್ಟ ರೇಡಿಯೋ. ನಡುವೆ ಅಪ್ಪಯ್ಯನ ಮೇಜು, ಅದರ ಮೇಲೆ ತಂತಿಯಲ್ಲಿ ನೇತಾಡುವ ಬಲ್ಬು. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ನಡುವಿನ ಕೋಣೆ ದಾಟಿ ಹೋಗಿ ಒಲೆಯ ಹೊಗೆಗೆ ಸೇರಿಕೊಳ್ಳುತ್ತಿತ್ತು. ನನ್ನ ಲಂಗಕ್ಕೂ ಅದೇ ವಾಸನೆ. ಶಾಲೆಯಲ್ಲಿ ಪಕ್ಕ ಕೂರುವವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ನನಗೇನೂ ಬೇಜಾರಾಗಲಿಲ್ಲ. ಅವಳ ಮನೆಯಲ್ಲಿ ಎಮ್ಮೆ ಇತ್ತು, ಅವಳಿಗೂ ವಾಸನೆ ಇತ್ತು.

ಮನೆಯಲ್ಲಿ ಇದ್ದದ್ದು ಅಪ್ಪಯ್ಯ, ಅವ್ವ, ನಾನು. ನನ್ನ ಹಿಂದೆ ಹುಟ್ಟಿದ ಇಬ್ಬರು ಉಳಿಯಲಿಲ್ಲ. ವಾರಕ್ಕೊಂದು ಸಲ ಶೇಖರ ಮಾವ ಬಂದು ಹೋಗುತ್ತಿದ್ದ. ಅವನು ಅವ್ವನ ತಮ್ಮ, ಹೊಸನಗರದವನು. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಬರುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಅವನು ಬಂದರೆ ಮನೆಯಲ್ಲಿ ಮಾತು ಇರುತ್ತಿತ್ತು. ಇಲ್ಲದಿದ್ದರೆ ರೇಡಿಯೋದ್ದೇ ಮಾತು. ಅಪ್ಪಯ್ಯ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದರಲ್ಲೂ ಆರು ಮಾತು ರೇಡಿಯೋದ ಮೇಲಿನದು.

ನಮ್ಮ ಮನೆಯ ಊಟಕ್ಕೆ ಒಂದು ಕಟ್ಟಳೆ ಇತ್ತು. ರಿಪೇರಿ ಮುಗಿದ ರೇಡಿಯೋವನ್ನು ಅಪ್ಪಯ್ಯ ಹಾಗೇ ಗಿರಾಕಿಗೆ ಕೊಡುತ್ತಿರಲಿಲ್ಲ. ಅದು ನಮ್ಮ ಜೊತೆ ಒಂದು ಊಟ ಕೂರಬೇಕು. ಅವ್ವ ತಟ್ಟೆ ಇಡುವಾಗ ರೇಡಿಯೋ ಹಚ್ಚಿದರೆ ಕೊನೆಯ ತುತ್ತು ಮಜ್ಜಿಗೆ ಅನ್ನ ಮುಗಿಯುವವರೆಗೂ ಅದು ಒಂದೇ ಸಮ ಹೇಳುತ್ತಿರಬೇಕು. ಕೃಷಿ ವಿಷಯ ಬಂದರೂ ಸರಿ, ಕೇಳಿ ಅರ್ಥವಾಗದ ಹಿಂದಿ ಬಂದರೂ ಸರಿ. ನಡುವೆ ಗರಗರ ಅಂದರೆ ಅಪ್ಪಯ್ಯ ಎಂಜಲು ಕೈಯಲ್ಲೇ ಎದ್ದು ಹೋಗುತ್ತಿದ್ದ. ಅವ್ವ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿ ತಾನು ಉಣ್ಣುತ್ತಿದ್ದಳು. ಕಾಯುವ ಜಾತಿಯಲ್ಲ ಅವಳು. ನಾನೂ ಅಲ್ಲ.

ಕೆಟ್ಟದ್ದನ್ನು ಹುಡುಕುವುದಕ್ಕೂ ಅಪ್ಪಯ್ಯನದ್ದು ಒಂದೇ ದಾರಿ. ನಾನು ಪಕ್ಕ ನಿಂತಾಗೆಲ್ಲ ಹೇಳುತ್ತಿದ್ದ.

"ಒಂದು ಸಲಕ್ಕೆ ಒಂದೇ ಬದಲು ಮಾಡು. ಎರಡು ಬದಲು ಮಾಡಿದ್ರೆ ಸರಿ ಹೋದ್ರೂ ಯಾವ್ದರಿಂದ ಸರಿ ಹೋಯ್ತು ಅಂತ ಗೊತ್ತಾಗಾದಿಲ್ಲ. ಎಲ್ಲ ಬದಲು ಮಾಡಿ ಆದ್ಮೇಲೂ ಹಂಗೇ ಇದ್ರೆ, ನೀನು ಮುಟ್ಟದೇ ಇದ್ದದ್ದು ಎಂತ ಅಂತ ನೋಡು. ಅದೇ ಕೆಟ್ಟಿರೋದು."

ನನ್ನನ್ನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಅವ್ವನಿಗೆ ಕೈಯಾಸರೆ ಬೇಕು ಅಂತ ಅಪ್ಪಯ್ಯ ಹೇಳಿದ. ಅವ್ವ ಕೈಯಾಸರೆ ಕೇಳಿದ್ದನ್ನು ನಾನಂತೂ ಕೇಳಿಸಿಕೊಂಡಿಲ್ಲ. ಮೇಷ್ಟ್ರು ಒಂದು ಸಲ ಮನೆ ಬಾಗಿಲಿಗೆ ಬಂದು ಹೋದರು, ಆಮೇಲೆ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ನಾನು ಒಲೆಯ ಹತ್ತಿರ ಇದ್ದದ್ದು ಕಮ್ಮಿ, ಮೇಜಿನ ಹತ್ತಿರ ಇದ್ದದ್ದು ಹೆಚ್ಚು. ರೇಡಿಯೋದ ಹೊಟ್ಟೆಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡ ಸಾಮಾನು ಇರುತ್ತದೆ, ರೆಸಿಸ್ಟರ್ ಅಂತ. ಅದರ ಮೈಮೇಲೆ ಬಣ್ಣದ ಪಟ್ಟಿ. ಪಟ್ಟಿ ನೋಡಿಯೇ ಅದು ಎಷ್ಟರದ್ದು ಅಂತ ತಿಳಿಯಬೇಕು. ಅಪ್ಪಯ್ಯ ಒಂದನ್ನು ಚಿಮಟದಲ್ಲಿ ಹಿಡಿದು ನನ್ನ ಮೂಗಿನ ಹತ್ತಿರ ತರುತ್ತಿದ್ದ.

"ಹೇಳು ನೋಡಾಣ, ಮೂರನೇದು ಎಂತ ಬಣ್ಣ?"

"ಕಿತ್ತಳೆ."

"ಸರಿಯಾಗಿ ನೋಡು. ಕೆಂಪೋ ಕಿತ್ತಳೆಯೋ?"

"ಕಿತ್ತಳೆ ಅಂದ್ನಲ್ಲ."

"ಹ್ಞೂಂ."

ಹೀಗೆ ದಿನಕ್ಕೆ ಐವತ್ತು ಸಲ. ನನಗೆ ಕಲಿಸುತ್ತಿದ್ದಾನೆ ಅಂತ ನಾನು ತಿಳಿದಿದ್ದೆ. ಹೆಮ್ಮೆಯೂ ಇತ್ತು. ಒತ್ತಕ್ಷರ ಬಂದರೆ ಇವತ್ತಿಗೂ ನಾನು ತಡವರಿಸುತ್ತೇನೆ, ಆದರೆ ಆ ಪಟ್ಟಿಗಳನ್ನು ಆಗಲೇ ಓಡುವ ಬಸ್ಸಿನಿಂದಲೂ ಓದುತ್ತಿದ್ದೆ.

ರೇಡಿಯೋ ಕಾಲ ಇಳಿಯುತ್ತಿತ್ತು, ಟೀವಿ ಕಾಲ ನಮ್ಮ ಬೀದಿಗೆ ಇನ್ನೂ ಹತ್ತಿರಲಿಲ್ಲ. ಯಾರೋ ಊರು ಬಿಡುವವರು ಸತ್ತ ಟೀವಿಯೊಂದನ್ನು ಅಪ್ಪಯ್ಯನಿಗೆ ಕೊಟ್ಟು ಹೋದರು. ಮರದ ಪೆಟ್ಟಿಗೆ, ಮುಂದೆ ಎಳೆದು ಮುಚ್ಚುವ ಬಾಗಿಲು. ಅಪ್ಪಯ್ಯ ಎರಡು ತಿಂಗಳು ಅದರ ಮುಂದೆ ಕೂತು ಜೀವ ತರಿಸಿದ. ಜೀವ ಬಂತು, ಆದರೆ ತೋರಿಸುವುದಕ್ಕೆ ಏನೂ ಇಲ್ಲ. ನಮ್ಮಲ್ಲಿಗೆ ಸ್ಟೇಷನ್ ಸಿಗುತ್ತಿರಲಿಲ್ಲ. ಹಚ್ಚಿದರೆ ಬಿಳಿ ಇರುವೆ ಮುತ್ತಿದ ಹಾಗೆ ಕಾಣುತ್ತಿತ್ತು. ಅವ್ವ ಅದರ ಮೇಲೆ ಹಪ್ಪಳ ತುಂಬಿದ ಮರದ ಮರಿಗೆ ಇಟ್ಟಳು. ಆಗ ಶೇಖರ ಮಾವ ಭಟ್ಕಳದಿಂದ ಒಂದು ಡಬ್ಬ ತಂದ. ಅಲ್ಲಿ ಕೊಲ್ಲಿ ದೇಶಕ್ಕೆ ದುಡಿಯಲು ಹೋಗಿ ಬಂದವರ ಸಾಮಾನು ಸಿಗುತ್ತಿತ್ತು, ಅವರ ಮಕ್ಕಳು ಆಡಿ ಬೇಜಾರಾಗಿ ಬಿಸಾಕಿದ್ದು ಇನ್ನೂ ಸೋವಿ. ಡಬ್ಬದಿಂದ ಒಂದು ತಂತಿ ಟೀವಿಗೆ, ಎರಡು ತಂತಿ ಕೈಯಲ್ಲಿ ಹಿಡಿದು ತಿರುವುವ ಎರಡು ತಿರುಪಿಗೆ. ಹಚ್ಚಿದರೆ ಕಪ್ಪು ಪರದೆಯ ಮೇಲೆ ಎರಡು ದಪ್ಪ ಬಿಳಿ ಗೆರೆ, ನಡುವೆ ಒಂದು ಚೌಕದ ಚೆಂಡು. ತಿರುಪು ತಿರುವಿದರೆ ಗೆರೆ ಏಳುತ್ತದೆ, ಇಳಿಯುತ್ತದೆ. ಚೆಂಡು ಗೆರೆಗೆ ಬಡಿದರೆ ಟೊಕ್. ಅಷ್ಟೇ ಆಟ. ಬೀದಿಯ ಮಕ್ಕಳು ಅದಕ್ಕೆ ಗೆರೆ ಡಬ್ಬ ಅಂತ ಹೆಸರಿಟ್ಟವು. ಒಂದೊಂದು ನಾಲ್ಕಾಣೆ ಹಿಡಿದು ಮೆಟ್ಟಿಲ ಮೇಲೆ ಸಾಲು ಕೂರುತ್ತಿದ್ದವು. ಅಪ್ಪಯ್ಯ ಆ ಡಬ್ಬವನ್ನು ಮೂರು ಸಲ ಬಿಚ್ಚಿ ನೋಡಿದ್ದ. ಅದರ ಒಂದೊಂದು ತಿರುಪುಮೊಳೆಯೂ ಅವನಿಗೆ ಗೊತ್ತು.

ಎರಡು ವರ್ಷ ಕಳೆದ ಮೇಲೆ ಮಾವ ಇನ್ನೊಂದು ಡಬ್ಬ ತಂದ. ಜೊತೆಗೆ ಹಾಳೆಯಲ್ಲಿ ಸುತ್ತಿದ ಬಂಗುಡೆ ಮೀನು. ಈ ಡಬ್ಬ ದೊಡ್ಡದು. ಮೇಲೆ ಆಟದ ಕ್ಯಾಸೆಟ್ಟು ಚುಚ್ಚುವ ಬಾಯಿ, ಆಡಲು ತಿರುಪಿನ ಬದಲು ಕೋಲು, ಮುಂಭಾಗದಲ್ಲಿ ಗುಂಡಿಗಳ ಸಾಲು. ಅದರಲ್ಲಿ ಒಂದು ಗುಂಡಿಗೆ ಮಾವ ಕರೀ ಟೇಪು ಸುತ್ತಿದ್ದ.

"ಭಾವ, ಇದು ಬಣ್ಣದ್ದು," ಅಂದ.

"ಟೀವಿಗೆ ಇರೋದು ಎರಡೇ ಬಣ್ಣ ಶೇಖರ. ಕಪ್ಪೊಂದು, ಬಿಳಿಯೊಂದು."

"ಇವತ್ತಲ್ಲ ನಾಳೆ ಬಣ್ಣದ ಟೀವಿ ಬರ್ತದಲ್ಲ ಮಾರಾಯ್ರೆ. ಡಬ್ಬ ಮುಂಚೆ ಬಂದು ಕೂತಿರ್ಲಿ."

ಒಳಗಿಂದ ಅವ್ವ ಅಂದಳು, "ನಾಳೆ ಅದನ್ನೂ ನೀನೇ ಹೊತ್ಕೊಂಡು ಬಾ. ಬಸ್ಸಿನ ಟಾಪಲ್ಲಿ ಜಾಗ ಇರ್ತದಲ್ಲ, ಕೋಳಿ ಬುಟ್ಟಿ ಪಕ್ಕ."

ಅಪ್ಪಯ್ಯ ಆ ಡಬ್ಬವನ್ನು ಬಿಚ್ಚಲಿಲ್ಲ. ತಿರುಗಿಸಿ ಸಹ ನೋಡಲಿಲ್ಲ. ಹೊಸ ಸಾಮಾನು ಕೈಗೆ ಬಂದರೆ ಊಟ ಬಿಡುವ ಮನುಷ್ಯ, ಇದನ್ನು ಹಲಗೆಯ ಮೇಲೆ ಇಡು ಅಂದುಬಿಟ್ಟ. ನನಗೆ ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಆ ದಿನ ಬಂಗುಡೆ ಸಾರು. ಅಪ್ಪಯ್ಯ ಬರೀ ಸಾರು ಹಾಕಿಸಿಕೊಂಡು ಮೀನು ಬೇಡ ಅಂದ. ಮೀನಿಲ್ಲದಿದ್ದರೆ ಮುಖ ಗಂಟಿಕ್ಕುತ್ತಿದ್ದವನು ಒಂದು ವರ್ಷದಿಂದ ಮೀನು ಬಿಟ್ಟಿದ್ದ. ಎದೆ ಉರಿ ಅನ್ನುತ್ತಿದ್ದ. ಎದೆ ಉರಿಯುವವನಿಗೆ ಖಾರದ ಸಾರು ಹೇಗೆ ಸೇರುತ್ತದೆ ಅಂತ ನಾನು ಕೇಳಲಿಲ್ಲ. ಅವ್ವನೂ ಕೇಳಲಿಲ್ಲ. ಅವಳು ನನ್ನ ಕಣ್ಣು ತಪ್ಪಿಸಿ ಅವನ ತಟ್ಟೆಗೆ ಮುಳ್ಳು ಬಿಡಿಸಿದ ಒಂದೆರಡು ಚೂರು ಹಾಕುತ್ತಿದ್ದಳು, ಪಲ್ಯ ಹಾಕಿದ ಹಾಗೆ. ಅವನು ತಿನ್ನುತ್ತಿದ್ದ.

ಈಗ ಇಬ್ಬರು ಗಂಡಸರಿಗೆ ಜಗಳ ಹತ್ತಿತು. ಟೀವಿ ಒಂದೇ, ಡಬ್ಬ ಎರಡು. ತೀರ್ಥಹಳ್ಳಿಯಲ್ಲಿ ಹೋಟ್ಲು ಇಟ್ಟಿದ್ದ ಶೆಟ್ಟರೊಬ್ಬರು ತಮ್ಮ ಹೋಟ್ಲಿನ ಮುಂದೆ ಇಡಲು ಒಂದು ಡಬ್ಬ ಕೇಳಿದ್ದರು. ಹಳೇದನ್ನು ಅವರಿಗೆ ದಾಟಿಸಿ ಬಣ್ಣದ್ದನ್ನು ನಾವು ಇಟ್ಟುಕೊಳ್ಳೋಣ ಅಂತ ಮಾವ. ಬಣ್ಣದ್ದೇ ಹೋಗಲಿ, ಗೆರೆ ಡಬ್ಬ ಈ ಮನೆ ಬಿಟ್ಟು ಕದಲಬಾರದು ಅಂತ ಅಪ್ಪಯ್ಯ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು. ಕೊನೆಗೆ ಅವ್ವ ತೀರ್ಮಾನ ಹೇಳಿದಳು.

"ಆದಿತ್ಯವಾರ ಎರಡನ್ನೂ ಹಚ್ಚಿ ನೋಡಿ. ಯಾವ್ದು ಚೆನ್ನಾಗಿ ಆಡ್ತದೋ ಅದು ಇರ್ಲಿ. ಇವ್ಳು ಆಡಿ ಹೇಳ್ತಾಳೆ. ಇವ್ಳಿಗೆ ಸುಳ್ಳು ಹೇಳಕ್ಕೆ ಬರಾದಿಲ್ಲ, ಅದೊಂದು ರೋಗ."

ನನಗೆ ಆಗ ಹದಿಮೂರು. ಆದಿತ್ಯವಾರ ಬೆಳಿಗ್ಗೆ ಕಡುಬು ತಿಂದು, ಬೀದಿ ಬಾಗಿಲು ಅರ್ಧ ಮುಚ್ಚಿ ಕೋಣೆ ಕತ್ತಲು ಮಾಡಿ ಕೂತೆವು. ಬೀದಿಯ ಮಕ್ಕಳೆಲ್ಲ ಬಂದಿದ್ದವು, ಒಂದರ ಮೇಲೆ ಒಂದು. ಈಗ ನನ್ನ ಅಂಗಡಿಗೆ ಬರುವ ಹುಡುಗರು ಕಂಪ್ಯೂಟರಿನ ಎರಡು ಹಳೇ ಗ್ರಾಫಿಕ್ಸ್ ಕಾರ್ಡು ಹಿಡಿದು ಯಾವುದರಲ್ಲಿ ಆಟ ಚೆನ್ನಾಗಿ ಓಡುತ್ತದೆ ಅಂತ ಬಾಯಿ ಹರಿದುಕೊಳ್ಳುತ್ತಾರೆ. ಅವರ ಲೆಕ್ಕವೆಲ್ಲ ಅಂಕಿಯಲ್ಲಿ. ನಮ್ಮದು ಹಾಗಲ್ಲ. ನಾವು ನೋಡಿದ್ದು ಮೂರು: ಕೈ ಆಡಿಸಿದ ತಕ್ಷಣ ಪರದೆ ಕೇಳುತ್ತದೋ ಇಲ್ಲವೋ, ಅರ್ಧ ಗಂಟೆ ಆದರೂ ಬಿಸಿಯಾಗಿ ನಿಲ್ಲದೆ ಇರುತ್ತದೋ, ಹಿಂದೆ ನಿಂತವನಿಗೂ ಕಾಣುತ್ತದೋ.

ಮೊದಲು ಗೆರೆ ಡಬ್ಬ. ಆಡುವುದಕ್ಕೆ ಏನೂ ಇರಲಿಲ್ಲ, ಆದರೆ ಆಟ ಗಟ್ಟಿ. ತಿರುಪು ಕೂದಲಷ್ಟು ತಿರುವಿದರೆ ಗೆರೆ ಕೂದಲಷ್ಟು ಏಳುತ್ತಿತ್ತು. ಬಿಳಿ ಅಂದರೆ ಸುಣ್ಣದ ಬಿಳಿ. ಅರ್ಧ ಗಂಟೆ ಆಡಿದೆವು, ಮೈ ಬೆಚ್ಚಗೂ ಆಗಲಿಲ್ಲ. ಆಮೇಲೆ ಬಣ್ಣದ ಡಬ್ಬ. ಅದರಲ್ಲಿ ಒಂದು ದೋಣಿ ಆಟ ಇತ್ತು. ನೀರಿನಲ್ಲಿ ತೇಲಿ ಬರುವ ದಿಮ್ಮಿಗಳನ್ನು ತಪ್ಪಿಸಿ ದೋಣಿಯನ್ನು ದಡ ಸೇರಿಸಬೇಕು. ಮಕ್ಕಳು ಅದನ್ನು ನೋಡಿದ್ದೇ, ನಮ್ಮ ಕಡೆ ಹಿನ್ನೀರು ದಾಟಿಸುವ ಹೊಳೆಬಾಗಿಲ ಲಾಂಚೇ ಇದು ಅಂತ ಕೂಗಿದವು. ಕೂಗಿದ್ದಷ್ಟೇ. ದೋಣಿ ಬೂದಿ, ನೀರು ಬೂದಿ, ದಿಮ್ಮಿ ಇನ್ನೊಂದು ಬೂದಿ. ಕಣ್ಣು ಕಿರಿದು ಮಾಡಿ ನೋಡಿದರೆ ಏನೋ ಹರಿದಾಡಿದ ಹಾಗೆ. ನಾನು ಮೂರು ಸಲ ದಿಮ್ಮಿಗೆ ಗುದ್ದಿದೆ.

"ನೋಡ್ದ್ಯಾ ಶೇಖರ?" ಅಪ್ಪಯ್ಯ ಅಂದ. "ಎಂತದೂ ಕಾಣಲ್ಲ. ಬರೀ ಬೂದಿ."

"ಅಪ್ಪಯ್ಯ ಹೇಳಿದ್ದು ಸರಿ," ಅಂದೆ ನಾನು. "ಗೆರೆ ಡಬ್ಬವೇ ವಾಸಿ."

ಮಾವನ ಮುಖ ಸಣ್ಣದಾಯಿತು. ಮಕ್ಕಳ ಎದುರು ಸೋತದ್ದು ಅವನಿಗೆ ಹೆಚ್ಚು ನೋವಾಯಿತು ಅಂತ ಕಾಣುತ್ತದೆ. ಬಸ್ಸಿನಲ್ಲಿ ಎಲ್ಲರನ್ನೂ ನಗಿಸುವವನು ಅವನು. ಅವನು ಡಬ್ಬ ಸುತ್ತಿಡಲು ಹೋದ. ನನಗೆ ಯಾಕೋ ಸಮಾಧಾನ ಆಗಲಿಲ್ಲ. ಬೇರೆ ದೇಶದ ಮಕ್ಕಳು ಇದರಲ್ಲಿ ಆಡಿವೆ ಅಂದ ಮೇಲೆ ಅವಕ್ಕೆ ಕಂಡಿರಬೇಕಲ್ಲ. ತಡಿ ಮಾವ ಅಂದೆ. ಅಪ್ಪಯ್ಯ ಹೇಳಿಕೊಟ್ಟ ಹಾಗೇ ಶುರು ಮಾಡಿದೆ. ಗೆರೆ ಡಬ್ಬದ ತಂತಿ ತೆಗೆದು ಇದಕ್ಕೆ ಹಾಕಿದೆ. ಬೂದಿ. ಅದನ್ನು ತೆಗೆದು ಮೊದಲಿನ ತಂತಿ ಹಾಕಿ, ಕ್ಯಾಸೆಟ್ಟು ಬದಲು ಮಾಡಿದೆ. ಬೂದಿ. ದೋಣಿಯ ಕ್ಯಾಸೆಟ್ಟನ್ನೇ ಮತ್ತೆ ಹಾಕಿ ಟೀವಿಯ ಬೆಳಕು ಏರಿಸಿದೆ, ಇಳಿಸಿದೆ. ಬೂದಿಯೇ. ಮುಟ್ಟದೇ ಉಳಿದದ್ದು ಟೇಪು ಸುತ್ತಿದ ಗುಂಡಿ ಒಂದೇ.

"ಮಾವ, ಇದಕ್ಕೆ ಯಾಕೆ ಟೇಪು?"

"ಅದು ಮುಟ್ಬೇಡ. ಆ ಕಡೆ ತಳ್ಳಿದ್ರೆ ಬಣ್ಣ ಹೋಗಿ ಕಪ್ಪು-ಬಿಳಿ ಆಗ್ತದಂತೆ. ಭಟ್ಕಳದವ್ರು ಹೇಳಿದ್ದು. ಈ ಮಕ್ಕಳು ತಳ್ಳಿ ಬಣ್ಣ ಎಲ್ಲ ಖರ್ಚು ಮಾಡಿ ಹಾಕಿದ್ರೆ? ನಾಳೆ ಬಣ್ಣದ ಟೀವಿ ಬಂದಾಗ ಎಂತ ಮಾಡೋದು?"

ನಾನು ಟೇಪು ಕಿತ್ತೆ. ಮಾವ ಅಯ್ಯಯ್ಯೋ ಅಂದ. ಗುಂಡಿ ಆ ಕಡೆ ತಳ್ಳಿದೆ. ನೀರು ಕಪ್ಪಾಯಿತು, ದೋಣಿ ಬೆಳ್ಳಗಾಯಿತು, ದಿಮ್ಮಿಗಳು ಒಂದೊಂದೇ ಬಿಡಿಬಿಡಿಯಾಗಿ ಬಂದವು. ದೋಣಿಗೆ ಒಂದು ಹುಟ್ಟು ಇತ್ತು, ಅದೂ ಕಂಡಿತು. ಹಿಂದೆ ನಿಂತ ಪುಟ್ಟ ಮಗು ಕೂಡ ಎಣಿಸಿ ಐದು ದಿಮ್ಮಿ ಅಂದಿತು. ನಮ್ಮ ಟೀವಿಯಂಥ ಟೀವಿಗೆ ಅಂತಲೇ ಆ ಗುಂಡಿ ಇಟ್ಟಿದ್ದರು. ಮಾವ ಎಂಟು ದಿನ ಅದಕ್ಕೆ ಟೇಪು ಸುತ್ತಿ ಕಾಪಾಡಿದ್ದ. ಈಗ ಅವನು ಎರಡೂ ಕೈ ಮೇಲೆತ್ತಿ ಕುಣಿದ.

"ನಂಗೊತ್ತಿತ್ತು! ನಾ ಹೇಳ್ಲಿಲ್ವಾ ಭಾವ? ಈಗ ಎಂತ ಅಂತೀರಿ?"

ಅಪ್ಪಯ್ಯ ಸ್ಟೂಲಿನ ಮೇಲೆ ಕೂತಿದ್ದವನು ಕೂತಲ್ಲೇ ಅಂದ, "ಎಲ್ಲಿ? ಮೊದಲಿನ ಹಂಗೇ ಅದೆ. ಬೂದಿ."

ಮಕ್ಕಳು ಗೊಳ್ಳೆಂದು ನಕ್ಕವು. ಮಾವನೂ ನಕ್ಕ.

"ಇವ್ರ ಹಠ ನೋಡಕ್ಕಾ. ಸೋತ್ರೂ ಸೋತೆ ಅನ್ನಲ್ಲ."

ನಾನು ನಗಲಿಲ್ಲ. ತಂತಿ ಬದಲಾಗಿತ್ತು, ಕ್ಯಾಸೆಟ್ಟು ಬದಲಾಗಿತ್ತು, ಗುಂಡಿ ಬದಲಾಗಿತ್ತು. ಚಿತ್ರ ಸರಿ ಹೋಗಿತ್ತು. ಆ ಕೋಣೆಯಲ್ಲಿ ಬದಲಾಗದೇ ಉಳಿದದ್ದು ಅಪ್ಪಯ್ಯನ ಒಂದು ಮಾತು. ಕೋಲು ಹಿಡಿದು ದೋಣಿಯನ್ನು ಬಲದ ದಡಕ್ಕೆ ತಳ್ಳಿದೆ.

"ಅಪ್ಪಯ್ಯ, ದೋಣಿ ಯಾವ ಕಡೆ ಅದೆ?"

"ಎಂತಕ್ಕೆ?"

"ಹೇಳು."

ಅವನು ಪರದೆಯ ಕಡೆ ಮುಖ ಮಾಡಿದ. ಎಡಕ್ಕೆ ಅಂದ. ಮಕ್ಕಳ ನಗು ಅಲ್ಲಿಗೆ ನಿಂತಿತು. ನಾನು ಬಣ್ಣದ ಡಬ್ಬ ಕಿತ್ತು ಗೆರೆ ಡಬ್ಬ ಹಾಕಿದೆ. ಗೆರೆಯನ್ನು ಮೇಲೆ ಒಯ್ದು ಕೇಳಿದೆ. ಮೇಲೆ ಅಂದ. ಕೆಳಗೆ ತಂದು ಕೇಳಿದೆ. ಕೆಳಗೆ ಅಂದ. ಎರಡೂ ಸರಿ. ಮತ್ತೆ ಬಣ್ಣದ ಡಬ್ಬ, ಮತ್ತೆ ದೋಣಿ. ಈ ಸಲ ಅವನು ಮೇಜಿನ ಕಡೆ ತಿರುಗಿಕೊಂಡ. ಎರಡು ಡಬ್ಬ ಹೋಲಿಸಲು ಕೂತವಳು ನಾನು. ಅವನ ಕಣ್ಣಿನಲ್ಲಿ ಎಷ್ಟು ಉಳಿದಿದೆ ಅಂತ ಎರಡೂ ಸೇರಿ ನನಗೆ ತೋರಿಸಿಬಿಟ್ಟಿದ್ದವು. ಬೆರಳು ದಪ್ಪದ ಗೆರೆಯಷ್ಟು ಉಳಿದಿತ್ತು. ದೋಣಿಯ ಹುಟ್ಟಿನಷ್ಟು ಸಣ್ಣದು ಕಾಣುವುದು ಹೋಗಿ ಎಷ್ಟು ಕಾಲವಾಗಿತ್ತೋ.

"ಅಪ್ಪಯ್ಯಂಗೆ ಕಣ್ಣು ಕಾಣ್ತಾ ಇಲ್ಲ," ಅಂದೆ. ಗಟ್ಟಿಯಾಗಿಯೇ ಅಂದೆ. ಮೆತ್ತಗೆ ಹೇಳುವುದು ನನಗೆ ಗೊತ್ತಿರಲಿಲ್ಲ.

ಅವ್ವ ಒಳಗಿಂದ ಬಂದು ಕೆನ್ನೆಗೆ ಬಾರಿಸಿದಳು. ಕೈಯಲ್ಲಿ ಹಿಟ್ಟಿತ್ತು, ನನ್ನ ಮುಖಕ್ಕೂ ಮೆತ್ತಿತು. ಮಕ್ಕಳು ಒಂದೊಂದೇ ಎದ್ದು ಹೋದವು. ಅಪ್ಪಯ್ಯ ಮೇಜಿನ ಮೇಲೆ ಕೈಯಾಡಿಸಿ ಚಿಮಟ ಹುಡುಕಿ ಹಿಡಿದುಕೊಂಡು ಕೂತ. ಮಾವ ಟೀವಿಯ ಬಾಗಿಲು ಎಳೆದು ಮುಚ್ಚಿದ.

ಮಾರನೇ ದಿನ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುವಾಗ ಅವ್ವ ತಾನಾಗಿ ಬಾಯಿ ಬಿಟ್ಟಳು.

"ಮೀನು ಬಿಟ್ಟಾಗ್ಲೇ ನಂಗೆ ಗೊತ್ತಾಗಿತ್ತು. ಮುಳ್ಳು ಕಾಣ್ತಿರ್ಲಿಲ್ಲ ಅವ್ರಿಗೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿ? ಕುರುಡ ರಿಪೇರಿ ಮಾಡ್ತಾನೆ ಅಂದ್ರೆ ಯಾರೇ ಬರ್ತಾರೆ ಅಂಗ್ಡಿಗೆ? ನಿನ್ನ ಶಾಲೆ ಬಿಡ್ಸಿದ್ದು ಎಂತಕ್ಕೆ ಅಂತ ತಿಳ್ದಿದ್ದೀ? ನಂಗೂ ಅದು ಆಮೇಲೇ ಹೊಳೆದಿದ್ದು."

ಕೆಂಪೋ ಕಿತ್ತಳೆಯೋ ಸರಿಯಾಗಿ ನೋಡು. ಅವನು ಕಲಿಸಿದ್ದಲ್ಲ, ಕೇಳಿದ್ದು. ಮೂರು ವರ್ಷ ನನ್ನ ಕಣ್ಣಿನಿಂದ ನೋಡಿ ತನ್ನ ಕೈಯಿಂದ ಬೆಸುಗೆ ಹಾಕಿದ್ದ. ನನ್ನ ಶಾಲೆ ಅದಕ್ಕೆ ಹೋಯಿತು. ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಕೇಳಿದ್ದರೆ ನಾನೇ ಶಾಲೆ ಬಿಡುತ್ತಿದ್ದೆನೇನೋ. ಬಿಡುತ್ತಿರಲಿಲ್ಲವೇನೋ. ಕೇಳಲೇ ಇಲ್ಲವಲ್ಲ ಅನ್ನುವುದು ಇವತ್ತಿಗೂ ಸ್ವಲ್ಪ ಉಳಿದಿದೆ. ಆದರೆ ಆ ಮನುಷ್ಯ ಯಾವ ಬಾಯಲ್ಲಿ ಕೇಳಬೇಕಿತ್ತು ಅಂತಲೂ ಅನ್ನಿಸುತ್ತದೆ. ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ. ಕಾಣುವುದಿಲ್ಲ ಅಂದ ದಿನ ಅವನ ಮೇಜು ಹೋಗುತ್ತಿತ್ತು, ಮೇಜಿನ ಹಿಂದೆಯೇ ಒಲೆ.

ಅವ್ವ ಹೆದರಿದ ಹಾಗೇ ಆಯಿತು. ಮಕ್ಕಳು ಮನೆಯಲ್ಲಿ ಹೇಳಿದವು, ಮನೆಯವರು ಬೀದಿಯಲ್ಲಿ ಹೇಳಿದರು. ಆ ವಾರ ಒಬ್ಬೊಬ್ಬರೇ ಬಂದು ರೇಡಿಯೋ ವಾಪಸ್ ತೆಗೆದುಕೊಂಡು ಹೋದರು. ಯಾರೂ ಕಣ್ಣಿನ ಮಾತೆತ್ತಲಿಲ್ಲ. ನೆಂಟರ ಮನೆಗೆ ಬೇಕಂತೆ, ಮಗ ಹೊಸದು ತರ್ತಾನಂತೆ, ಹೀಗೆ. ಬಿಚ್ಚಿದ್ದನ್ನೂ ಬಿಚ್ಚಿದ ಹಾಗೇ ಬುಟ್ಟಿಗೆ ಹಾಕಿಕೊಂಡು ಹೋದವರುಂಟು. ಹಲಗೆಯ ಮೇಲೆ ಯಾರೋ ಮರೆತುಬಿಟ್ಟ ನಾಲ್ಕಾರು ಕೆಟ್ಟವು ಬಿಟ್ಟರೆ, ಧೂಳಿನಲ್ಲಿ ರೇಡಿಯೋ ಇದ್ದ ಚೌಕ ಗುರುತು ಮಾತ್ರ ಉಳಿಯಿತು. ಊಟಕ್ಕೆ ಕೂತರೆ ಜೊತೆಗೆ ಯಾವ ರೇಡಿಯೋವೂ ಇಲ್ಲ. ಅಗಿಯುವ ಸದ್ದು ಕೇಳುತ್ತಿತ್ತು. ಅಪ್ಪಯ್ಯ ನನ್ನ ಹತ್ತಿರ ಮಾತು ಬಿಟ್ಟ. ನೀರು ಕೊಟ್ಟರೆ ಕುಡಿಯುತ್ತಿದ್ದ, ಅಷ್ಟೇ. ನಾನು ಹೇಳಿದ್ದು ತಪ್ಪು ಅಂತ ಒಂದು ದಿನ ಅನ್ನಿಸಿದರೆ ಇನ್ನೊಂದು ದಿನ ಅನ್ನಿಸುತ್ತಿರಲಿಲ್ಲ. ಮಕ್ಕಳನ್ನು ಹೊರಗೆ ಕಳಿಸಿ ಹೇಳಬಹುದಿತ್ತು ಅನ್ನುವುದು ಮಾತ್ರ ನಿಜ. ಆ ಬುದ್ಧಿ ಬಂದದ್ದು ಆಮೇಲೆ.

ದಾರಿ ಮಾಡಿದ್ದು ಮಾವ. ತೀರ್ಥಹಳ್ಳಿಯಲ್ಲಿ ಕಣ್ಣಿನ ಡಾಕ್ಟರು ಬಂದು ನೋಡುತ್ತಾರೆ ಅಂತ ಸುದ್ದಿ ತಂದ. ಅಪ್ಪಯ್ಯ ಒಲ್ಲೆ ಅಂದ. ಮಾವ ವಾದ ಮಾಡಲಿಲ್ಲ, ಬಸ್ಸನ್ನು ನಮ್ಮ ಬೀದಿಯ ತುದಿಯಲ್ಲಿ ನಿಲ್ಲಿಸಿ ಹಾರನ್ ಹೊಡೆಸುತ್ತಾ ಕೂತ. ಭಾವ ಹತ್ತೋವರೆಗೂ ಈ ಗಾಡಿ ಹೊರಡಲ್ಲ ಅಂತ ಇಡೀ ಬಸ್ಸಿಗೆ ಕೂಗಿ ಹೇಳಿದ. ಒಳಗಿದ್ದವರೆಲ್ಲ ಕಿಟಕಿಯಿಂದ ತಲೆ ಹಾಕಿ ಬನ್ನಿ ಮಾರಾಯ್ರೆ, ನಮಗೆ ಹೊತ್ತಾಯ್ತು ಅಂತ ಕೂಗಿದರು. ಅಪ್ಪಯ್ಯ ನಾಚಿಕೆಗೆ ಹತ್ತಿದ. ನಾನೂ ಹತ್ತಿದೆ. ಮಾವ ಬಣ್ಣದ ಡಬ್ಬವನ್ನು ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟಿದ್ದ. ಹೋಟ್ಲಿನ ಶೆಟ್ಟರಿಗೆ ಅದೇ ಹೋಯಿತು. ಗೆದ್ದದ್ದು ಅದು, ಆದರೂ ಮಾವ ಅದನ್ನೇ ಕೊಟ್ಟ. ಅಪ್ಪಯ್ಯನಿಗೆ ಕಾಣುವ ಡಬ್ಬ ಮನೆಯಲ್ಲಿ ಉಳಿಯಿತು.

ಡಾಕ್ಟರು ದೊಡ್ಡ ಅಕ್ಷರದಿಂದ ಸಣ್ಣ ಅಕ್ಷರಕ್ಕೆ ಇಳಿಯುವ ಹಲಗೆ ತೋರಿಸಿ ಎಲ್ಲಿಯವರೆಗೆ ಕಾಣುತ್ತದೆ ಕೇಳಿದರು. ನಾನು ಮನೆಯಲ್ಲಿ ಮಾಡಿದ್ದೂ ಅದನ್ನೇ. ಕಣ್ಣಿನೊಳಗೆ ಒತ್ತಡ ಜಾಸ್ತಿ, ಎಡಗಣ್ಣು ಪೂರ್ತಿ ಹೋಗಿದೆ, ಬಲದ್ದು ಉಳಿದಷ್ಟನ್ನು ಹನಿ ಔಷಧಿ ಹಾಕಿ ಉಳಿಸಿಕೊಳ್ಳಬಹುದು, ಹೋದದ್ದು ಮಾತ್ರ ಬರುವುದಿಲ್ಲ ಅಂದರು. ಇನ್ನೂ ಬೇಗ ಬರಬೇಕಿತ್ತು ಅಂತಲೂ ಅಂದರು. ವಾಪಸ್ ಬರುವಾಗ ಅಪ್ಪಯ್ಯ ಕಿಟಕಿಯ ಪಕ್ಕ ಕೂತಿದ್ದ. ಹೊಸನಗರ ದಾಟಿದ ಮೇಲೆ ನನ್ನ ಕಡೆ ತಿರುಗದೆ ಕೇಳಿದ.

"ಬೆಸುಗೆ ಹಾಕಕ್ಕೆ ಕೈ ನಡುಗ್ತದಾ ನಿಂಗೆ?"

"ಹಾಕಿ ನೋಡಿಲ್ಲ."

"ನಾಳೆ ನೋಡು."

ಮಾರನೇ ದಿನದಿಂದ ನಾನು ಮೇಜಿನ ಈ ಕಡೆ, ಅವನು ಪಕ್ಕದ ಸ್ಟೂಲಿನ ಮೇಲೆ. ಮೊದಲ ವಾರ ನಾಲ್ಕು ಬೆರಳು ಸುಟ್ಟುಕೊಂಡೆ. ರಿಪೇರಿಗೆ ಕೊಡಲು ಯಾರೂ ಬರದೆ ಇದ್ದದ್ದರಿಂದ ಮರೆತುಹೋದವರ ರೇಡಿಯೋಗಳನ್ನೇ ಬಿಚ್ಚಿ ಕೂರಿಸಿ ಕಲಿತೆ. ನಾನು ಕಂಡದ್ದು ಹೇಳುವುದು, ಅವನು ಏನು ಮಾಡಬೇಕೆಂದು ಹೇಳುವುದು. ತಪ್ಪು ಮಾಡಿದರೆ ಬೈಯುತ್ತಿದ್ದ. ಬೈಗುಳ ವಾಪಸ್ ಬಂದದ್ದೇ ನನಗೆ ಸಮಾಧಾನ. ಹೀಗೆ ಎರಡು ತಿಂಗಳು ಆಗಿರಬೇಕು. ಒಂದು ಮಧ್ಯಾಹ್ನ ಹುಂಚದ ಕಡೆಯವರೊಬ್ಬರು ಬಂದರು, ನಡುವಯಸ್ಸು, ಹೆಗಲ ಮೇಲೆ ಟವಲು, ಟವಲಿನಲ್ಲಿ ಸುತ್ತಿದ ರೇಡಿಯೋ. ನಮ್ಮ ಬೀದಿಯ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಮೇಜಿನ ಹಿಂದೆ ಕೂತ ನನ್ನನ್ನು ದಾಟಿ ಅಪ್ಪಯ್ಯನ ಹತ್ತಿರವೇ ಹೋದರು.

"ನಿಮ್ಮ ಕೈ ಒಳ್ಳೇದಂತೆ, ದೂರದಿಂದ ಬಂದಿದ್ದೀನಿ. ನಾಲ್ಕು ಗಂಟೆ ಬಸ್ಸಿಗೆ ಹೋಗ್ಬೇಕು. ಒಂಚೂರು ನೋಡಿ ಕೊಡಿ."

ಅಪ್ಪಯ್ಯ ಕೈ ಚಾಚಿ ರೇಡಿಯೋ ತೆಗೆದುಕೊಂಡ. ಅವನಿಗೆ ಅದು ಬಹಳ ಸುಲಭ ಇತ್ತು. ಬಿಟ್ಟು ಹೋಗಿ, ಆಮೇಲೆ ಬನ್ನಿ ಅಂದಿದ್ದರೆ ಆಗುತ್ತಿತ್ತು, ಮೂರು ವರ್ಷ ಹಾಗೇ ಮಾಡಿದ್ದ. ಒಳಗೆ ಅವ್ವ ಪಾತ್ರೆ ಸದ್ದು ನಿಲ್ಲಿಸಿದಳು. ಅಪ್ಪಯ್ಯ ರೇಡಿಯೋದ ಮೈ ಸವರಿ ನೋಡಿದ. ಆಮೇಲೆ ಅದನ್ನು ನನ್ನ ಮುಂದೆ ಇಟ್ಟ.

"ನಂಗೆ ಕಣ್ಣು ಕಾಣಲ್ಲ ಮಾರಾಯ್ರೆ," ಅಂದ. "ನೋಡೋದು ಮಾಡೋದು ಎಲ್ಲ ಇವ್ಳು. ನಂಬಿಕೆ ಇದ್ರೆ ಬಿಡಿ, ಇಲ್ದಿದ್ರೆ ತಗೊಂಡು ಹೋಗಿ. ಬೇಜಾರಿಲ್ಲ."

ಆ ಮನುಷ್ಯ ನನ್ನನ್ನು ನೋಡಿದರು. ಬಾಗಿಲು ನೋಡಿದರು. ಟವಲು ಮಡಿಸಿ ಹೆಗಲಿಗೆ ಹಾಕಿಕೊಂಡು, ಹೋಗಲೂ ಇಲ್ಲ, ಕೂರಲೂ ಇಲ್ಲ, ನನ್ನ ಎದುರು ಬಂದು ಬಗ್ಗಿ ನಿಂತರು, ನಾನು ಏನು ಕೆಡಿಸುತ್ತೇನೆ ನೋಡೋಣ ಅನ್ನುವ ಹಾಗೆ. ನಾನು ಹಿಂದಿನ ಮುಚ್ಚಳದ ತಿರುಪುಮೊಳೆ ಸಡಿಲ ಮಾಡಿದೆ. ಅವರ ತಲೆ ಬಲ್ಬಿಗೆ ಅಡ್ಡ ಬಂದಿತ್ತು. ಒಳಗಿನ ಪಟ್ಟಿಗಳ ಬಣ್ಣ ತಿಳಿಯುತ್ತಿರಲಿಲ್ಲ.

"ಬೆಳಕಿಗೆ ಅಡ್ಡ ನಿಂತಿದ್ದೀರಿ," ಅಂದೆ. "ಆ ಕಡೆ ಹೋಗಿ ಕೂತ್ಕಳಿ."

ಅವರು ಹೋಗಿ ಕೂತರು.